ಹಡಗಿಗೆ ದಡದ ಕರೆಂಟು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಳೆಯ ವಿದ್ಯಾರ್ಥಿಗಳು ತಾವು ಮಾಡುವ ಕೆಲಸವನ್ನು ಎಂಟನೆಯ ಇಯತ್ತೆಯ ಮಕ್ಕಳಿಗೂ ತಿಳಿಯುವ ಹಾಗೆ ಹೇಳಬೇಕು ಎಂದು ಮಹೋತ್ಸವ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಸಾಫ್ಟ್‌ವೇರ್ ಎಂಜಿನಿಯರು. ಸಾಫ್ಟ್‌ವೇರ್ ಅಂದಕೂಡಲೆ ಮೊಬೈಲು, ಬ್ಯಾಂಕು, ಬೆಂಗಳೂರಿನ ಗಾಜಿನ ಕಟ್ಟಡ ಎಲ್ಲರಿಗೂ ನೆನಪಾಗುತ್ತವೆ. ನಾನು ಬರೆಯುವ ಪ್ರೋಗ್ರಾಮು ಅಲ್ಲಿ ಕಾಣುವಂಥದ್ದಲ್ಲ. ಬಂದರಿಗೆ ಬಂದು ನಿಂತ ಹಡಗು ತನ್ನ ಜನರೇಟರ್ ಬಂದ್ ಮಾಡಿ ದಡದ ಕರೆಂಟು ತೆಗೆದುಕೊಳ್ಳುವಾಗ ಆ ಬದಲಾವಣೆಯನ್ನು ನಡೆಸುವುದು ಅದರ ಕೆಲಸ. ಇದು ಸಮುದ್ರದ ವಿಷಯ, ನಮ್ಮ ಊರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ನಮ್ಮ ಗಿರಣಿ, ಮಂಗಲ ಕಾರ್ಯಾಲಯ, ಹೊಲದ ಪಂಪ್‌ಸೆಟ್ಟಿನವರೆಗೂ ಇದೆ.

ಮೊದಲು ಸಮುದ್ರದ ಮಾತು. ಧಾರವಾಡ ಸೀಮೆಯ ಹತ್ತಿ ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರಗಳಿಂದ ಹಡಗು ಏರುತ್ತಿತ್ತು. ನಮ್ಮ ಹೊಲದಲ್ಲಿ ಬೆಳೆದ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಬಂದರಿನ ಮೇಲಿಂದ ‘ಕುಮಟಾ ಹತ್ತಿ’ ಎಂದೇ ಹೆಸರು ಬಿದ್ದಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತ ಕಾಲದಲ್ಲಿ ಇಲ್ಲಿನ ಹತ್ತಿಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರನ್ನು ಬೆಳೆಸುವ ಈ ಹತ್ತಿಯ ಲೆಕ್ಕವೂ ಇತ್ತು. ಇವತ್ತು ಅದೇ ಕಾರವಾರದ ದಂಡೆಯಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ. ಅದು ಕಾರ್ಯಾರಂಭ ಮಾಡಿದ್ದು 2005ರಲ್ಲಿ. ನಮ್ಮ ರಾಜ್ಯದ ದೊಡ್ಡ ಸರಕು ಬಂದರು ಮಂಗಳೂರಿನ ಪಣಂಬೂರಿನಲ್ಲಿದೆ. ಅದಕ್ಕೆ ಪ್ರಧಾನ ಬಂದರಿನ ಸ್ಥಾನ ಸಿಕ್ಕಿದ್ದು 1974ರಲ್ಲಿ. ಅಂದರೆ ನವಮಂಗಳೂರು ಬಂದರು ಮತ್ತು ನಮ್ಮ ಶಾಲೆ ಹೆಚ್ಚುಕಡಿಮೆ ಒಂದೇ ವಾರಿಗೆಯವು.

ಹಡಗು ಅಂದರೆ ನೀರಿನ ಮೇಲಿನ ಒಂದು ಊರು. ದೀಪ, ಅಡುಗೆಮನೆ, ನೀರೆತ್ತುವ ಪಂಪು, ಗಾಳಿಯ ಫ್ಯಾನು, ಎಣ್ಣೆ ಬಿಸಿ ಮಾಡುವ ಹೀಟರು, ರೇಡಿಯೊ, ರಡಾರು, ಕೆಲವು ಹಡಗುಗಳಲ್ಲಿ ಮೀನು, ಹಣ್ಣು, ಔಷಧ ತುಂಬಿದ ನೂರಾರು ತಂಪು ಪೆಟ್ಟಿಗೆಗಳು. ಹಡಗನ್ನು ಓಡಿಸುವ ದೊಡ್ಡ ಎಂಜಿನ್ನು ಬಂದರಿನಲ್ಲಿ ನಿಲ್ಲುತ್ತದೆ. ಈ ಊರಿಗೆ ಕರೆಂಟು ಕೊಡುವ ಸಣ್ಣ ಎಂಜಿನ್ನುಗಳು ಮಾತ್ರ ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ‘ಸಣ್ಣ’ ಅಂದರೂ ಅವು ಸಣ್ಣವಲ್ಲ. ದಡದಲ್ಲಿ ನಿಂತ ಒಂದು ಹಡಗಿಗೆ 1,000 ಕಿಲೋವ್ಯಾಟ್ ಬೇಕು ಎಂದು ಹಿಡಿಯೋಣ. 5 ಎಚ್‌ಪಿ ಪಂಪ್‌ಸೆಟ್ ಸುಮಾರು 3.7 ಕಿಲೋವ್ಯಾಟ್ ಆಗುತ್ತದೆ. ಅಂದರೆ ಆ ಒಂದು ಹಡಗು 270 ಪಂಪ್‌ಸೆಟ್ಟಿಗೆ ಸಮ. ಒಂದು ಯೂನಿಟ್ ಕರೆಂಟಿಗೆ ಸುಮಾರು 200 ಗ್ರಾಂ ಎಣ್ಣೆ ಹಿಡಿದರೂ ದಿನಕ್ಕೆ 4.8 ಟನ್ ಎಣ್ಣೆ ಸುಡುತ್ತದೆ, 15 ಟನ್ನಿನಷ್ಟು ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ.

ಆ ಎಣ್ಣೆ ಎಂಥದ್ದು ಎಂದೂ ನೋಡಬೇಕು. 2020ರ ಏಪ್ರಿಲ್‌ನಿಂದ ನಮ್ಮ ಟ್ರ್ಯಾಕ್ಟರಿಗೆ ಬಂಕಿನಲ್ಲಿ ಹಾಕಿಸುವ ಬಿಎಸ್-6 ಡೀಸೆಲ್‌ನಲ್ಲಿ ಹತ್ತು ಲಕ್ಷ ಪಾಲಿಗೆ 10 ಪಾಲು ಮಾತ್ರ ಗಂಧಕ ಇರಬಹುದು. ಹಡಗಿನ ಎಣ್ಣೆಯಲ್ಲಿ 2019ರವರೆಗೆ ನೂರಕ್ಕೆ 3.5ರಷ್ಟು ಗಂಧಕಕ್ಕೆ ಅವಕಾಶ ಇತ್ತು. 2020ರ ಜನವರಿ 1ರಿಂದ ಅಂತರರಾಷ್ಟ್ರೀಯ ನಿಯಮ ಅದನ್ನು 0.5ಕ್ಕೆ ಇಳಿಸಿತು. ಇಳಿಸಿದ ಮೇಲೂ ಅದು ನಮ್ಮ ಡೀಸೆಲ್ಲಿನ 500 ಪಟ್ಟು. ಬಂದರಿನ ಸುತ್ತ ಇರುವವರು ಯಾರು? ಹಮಾಲರು, ಲಾರಿ ಚಾಲಕರು, ಮೀನುಗಾರರು, ಅವರ ಮಕ್ಕಳು. ಹೊಗೆ ಕುಡಿಯುವವರು ಅವರು.

ಇದಕ್ಕೆ ಪರಿಹಾರ ಸರಳವಾಗಿ ಕಾಣುತ್ತದೆ. ದಡದಲ್ಲಿ ಕರೆಂಟು ಇದೆ. ಒಂದು ಕೇಬಲ್ ಎಳೆದು ಹಡಗಿಗೆ ಕೊಟ್ಟುಬಿಡುವುದು. ನೌಕಾಪಡೆಗಳಲ್ಲಿ ಇದು ಹಳೆಯ ರೂಢಿ. ಕಲ್ಲಿದ್ದಲಿನ ಹಡಗುಗಳ ಕಾಲದಲ್ಲಿ ಬೆಂಕಿ ಆರಿಸಿದರೆ ಕಬ್ಬಿಣದ ಎಂಜಿನ್ನು ತಣ್ಣಗಾಗುತ್ತಿತ್ತು, ಅದಕ್ಕೇ ಇಂಗ್ಲಿಷಿನಲ್ಲಿ ‘ಕೋಲ್ಡ್ ಐರನಿಂಗ್’ ಎಂದು ಹೆಸರು. ಸರಕು ಹಡಗುಗಳಿಗೆ ಇದು ಬಂದದ್ದು ತಡವಾಗಿ. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ 2000ದಲ್ಲಿ ಹೆಚ್ಚು ವೋಲ್ಟೇಜಿನ ಸಂಪರ್ಕ ಕೊಟ್ಟರು. ಲಾಸ್ ಏಂಜಲೀಸ್‌ನಲ್ಲಿ 2004ರಲ್ಲಿ ಕಂಟೇನರ್ ಹಡಗಿಗೆ ಕೊಟ್ಟರು. 2012ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕ ಬಂತು. ಯುರೋಪಿನ ಮುಖ್ಯ ಬಂದರುಗಳಲ್ಲಿ 2030ರಿಂದ ಕಂಟೇನರ್ ಹಡಗು, ಪ್ರಯಾಣಿಕರ ಹಡಗುಗಳು ದಡದ ಕರೆಂಟನ್ನೇ ಬಳಸಬೇಕು ಎಂಬ ಕಾನೂನು ಆಗಿದೆ. ನಮ್ಮ ದೇಶದಲ್ಲಿ ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ‘ಹರಿತ ಸಾಗರ’ ಎಂಬ ಮಾರ್ಗಸೂಚಿ ಹೊರಡಿಸಿ ಪ್ರಧಾನ ಬಂದರುಗಳು ಈ ದಾರಿ ಹಿಡಿಯಬೇಕು ಎಂದಿದೆ.

ಇದಕ್ಕೆ ಹತ್ತಿರದ ಉದಾಹರಣೆ ಹುಬ್ಬಳ್ಳಿ ಸ್ಟೇಶನ್ನಿನಲ್ಲೇ ಸಿಗುತ್ತದೆ. ಕೆಂಪು ಬಣ್ಣದ ಎಲ್‌ಎಚ್‌ಬಿ ಗಾಡಿಗಳ ತುದಿಗೆ ಒಂದು ಜನರೇಟರ್ ಬೋಗಿ ಭರ್ ಎಂದು ಸದ್ದು ಮಾಡುವುದನ್ನು ಕೇಳಿದ್ದೀರಿ. ಎಸಿ, ದೀಪಗಳಿಗೆ ಅದೇ ಕರೆಂಟು. ಈಗ ವಿದ್ಯುತ್ ಎಂಜಿನ್ನು ಮೇಲಿನ ತಂತಿಯಿಂದ ತೆಗೆದುಕೊಂಡ ಕರೆಂಟನ್ನೇ ಬೋಗಿಗಳಿಗೂ ಹಂಚುವ ಪದ್ಧತಿ ಬಂದಿದೆ. ಜನರೇಟರು ಸುಮ್ಮನಿರುತ್ತದೆ. ಹಡಗಿಗೆ ನಾವು ಮಾಡುವುದೂ ಇದನ್ನೇ.

ಆದರೆ ಕೇಬಲ್ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಮೊದಲ ತೊಡಕು ಆವರ್ತನದ್ದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಬಹಳಷ್ಟು ದೊಡ್ಡ ಹಡಗುಗಳ ಕರೆಂಟು 60 ಸಲ. ಹಡಗಿನ ಮೋಟಾರಿಗೆ 50ರ ಕರೆಂಟು ಕೊಟ್ಟರೆ ಅದು ಆರು ಸುತ್ತು ತಿರುಗುವ ಕಡೆ ಐದೇ ಸುತ್ತು ತಿರುಗುತ್ತದೆ. ವೋಲ್ಟೇಜು ಇಳಿಸದೆ ಹಾಗೇ ಕೊಟ್ಟರೆ ಬಿಸಿಯೂ ಆಗುತ್ತದೆ. ಆದ್ದರಿಂದ ದಡದಲ್ಲಿ ಒಂದು ಪರಿವರ್ತಕ ಕೂಡಿಸುತ್ತಾರೆ. ಅದು ನಮ್ಮ ಕರೆಂಟನ್ನು ಮೊದಲು ಬ್ಯಾಟರಿಯಲ್ಲಿರುವಂಥ ನೇರ ವಿದ್ಯುತ್ತಾಗಿ ಮಾಡಿ, ಮತ್ತೆ 60ರ ಕರೆಂಟಾಗಿ ಕೊಡುತ್ತದೆ. ಎರಡು ಆವರ್ತನಗಳ ಈ ತಕರಾರು ಕರ್ನಾಟಕಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು ಸೆಕೆಂಡಿಗೆ 25 ಆವರ್ತನದ್ದು.

ಎರಡನೆಯದು ಬದಲಾವಣೆಯ ಗಳಿಗೆ. ಅದೇ ನನ್ನ ಕೆಲಸದ ಹೂರಣ. ಬದಲಾಯಿಸಲು ಎರಡು ದಾರಿ ಇವೆ. ಒಂದು, ನಮ್ಮ ಮಂಗಲ ಕಾರ್ಯಾಲಯದ ದಾರಿ. ಕರೆಂಟು ಹೋಯಿತು, ಕತ್ತಲಾಯಿತು, ಹುಡುಗ ಓಡಿಹೋಗಿ ಜನರೇಟರ್ ಚಾಲೂ ಮಾಡಿ ಚೇಂಜ್‌ಓವರ್ ಹಿಡಿಕೆ ಈ ಕಡೆಯಿಂದ ಆ ಕಡೆಗೆ ಹಾಕಿದ. ನಡುವೆ ಒಂದು ಕ್ಷಣ ಎರಡೂ ಇಲ್ಲ. ಸಣ್ಣ ಹಡಗುಗಳಲ್ಲಿ ಇದು ನಡೆಯುತ್ತದೆ. ದೊಡ್ಡ ಹಡಗಿನಲ್ಲಿ ಹೀಗೆ ಕತ್ತಲು ಮಾಡಿದರೆ ನೂರಾರು ಮೋಟಾರು ನಿಲ್ಲುತ್ತವೆ, ಕಂಪ್ಯೂಟರುಗಳು ಹೊಸದಾಗಿ ಏಳಬೇಕು, ಎಚ್ಚರಿಕೆಯ ಗಂಟೆಗಳು ಒಂದೇ ಸಮ ಬಾರಿಸುತ್ತವೆ. ಆದ್ದರಿಂದ ಎರಡನೆಯ ದಾರಿ: ಹಡಗಿನ ಜನರೇಟರು ಮತ್ತು ದಡದ ಕರೆಂಟು ಎರಡನ್ನೂ ಕೆಲವು ಸೆಕೆಂಡು ಕೂಡಿಸಿ, ಹೊರೆಯನ್ನು ನಿಧಾನವಾಗಿ ದಡಕ್ಕೆ ದಾಟಿಸಿ, ಆಮೇಲೆ ಜನರೇಟರನ್ನು ಬಿಡಿಸುವುದು. ದೀಪ ಮಿಣುಕುವುದೂ ಇಲ್ಲ.

ಕೂಡಿಸುವುದೇ ಕಷ್ಟ. ಓಡುವ ಬಸ್ಸನ್ನು ಹತ್ತುವವನನ್ನು ನೆನೆಸಿಕೊಳ್ಳಿ. ಮಕ್ಕಳೆ, ಇದು ಉದಾಹರಣೆಗೆ ಮಾತ್ರ, ಹಾಗೆ ಹತ್ತಬೇಡಿ. ಅವನು ಬಸ್ಸು ಹೋಗುವ ದಿಕ್ಕಿಗೇ ಓಡಬೇಕು. ಬಸ್ಸಿನಷ್ಟೇ ವೇಗ ಇರಬೇಕು. ಬಾಗಿಲು ಸರಿಯಾಗಿ ಅವನ ಎದುರಿಗೆ ಬಂದಿರಬೇಕು. ಮೆಟ್ಟಿಲು ಕಾಲಿಗೆ ಎಟಕುವಷ್ಟು ಎತ್ತರದಲ್ಲಿರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಮುಗ್ಗರಿಸುತ್ತಾನೆ. ಕರೆಂಟಿಗೂ ಇವೇ ನಾಲ್ಕು ನಿಯಮ. ಮೂರು ಫೇಸುಗಳ ಸರದಿ ಒಂದೇ ಇರಬೇಕು, ಇದು ದಿಕ್ಕು. ಫೇಸು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗಿ ನೀರು ಎತ್ತುವುದಿಲ್ಲ ಎಂಬುದು ಪಂಪ್‌ಸೆಟ್ ಇಟ್ಟ ಎಲ್ಲ ರೈತರಿಗೂ ಗೊತ್ತು. ಆವರ್ತನ ಒಂದೇ ಇರಬೇಕು, ಇದು ವೇಗ. ಎರಡೂ ಅಲೆಗಳು ಒಂದೇ ಹೊತ್ತಿಗೆ ಏರಬೇಕು, ಒಂದೇ ಹೊತ್ತಿಗೆ ಇಳಿಯಬೇಕು, ಇದು ಬಾಗಿಲು. ವೋಲ್ಟೇಜು ಸಮ ಇರಬೇಕು; ಇದು ಮೆಟ್ಟಿಲು. ಇಲ್ಲಿ ಬಸ್ಸು ದಡದ ಕರೆಂಟು, ಓಡುವವನು ಹಡಗಿನ ಜನರೇಟರು. ಅಷ್ಟು ದೊಡ್ಡ ದಡದ ಜಾಲವನ್ನು ಒಂದು ಹಡಗು ಬಗ್ಗಿಸಲಾರದು. ಹಡಗೇ ತನ್ನ ಎಂಜಿನ್ನಿನ ವೇಗ ತುಸು ಹೆಚ್ಚು ಕಡಿಮೆ ಮಾಡಿಕೊಂಡು ಹೊಂದಿಕೊಳ್ಳಬೇಕು.

ಒಂದು ಲೆಕ್ಕ ಹೇಳುತ್ತೇನೆ, ಹತ್ತನೆಯ ಇಯತ್ತೆಯವರು ಬರೆದುಕೊಳ್ಳಿ. ಎರಡು ಕರೆಂಟುಗಳ ಆವರ್ತನದಲ್ಲಿ ಸೆಕೆಂಡಿಗೆ 0.1ರಷ್ಟು ವ್ಯತ್ಯಾಸ ಇದೆ ಅನ್ನಿ. ಆಗ ಅವು ಹತ್ತು ಸೆಕೆಂಡಿಗೆ ಒಮ್ಮೆ ಪೂರ್ತಿ ಕೂಡಿಬರುತ್ತವೆ. 360 ಡಿಗ್ರಿಯನ್ನು ಹತ್ತರಿಂದ ಭಾಗಿಸಿದರೆ ಸೆಕೆಂಡಿಗೆ 36 ಡಿಗ್ರಿ. ಬ್ರೇಕರಿಗೆ ‘ಕೂಡಿಸು’ ಎಂದು ಹೇಳಿದ ಮೇಲೆ ಅದರ ಒಳಗಿನ ತಾಮ್ರ ನಿಜವಾಗಿ ಕೂಡಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು ಎಂದು ಹಿಡಿಯೋಣ. ಅಷ್ಟರಲ್ಲಿ ಅಲೆ 3.6 ಡಿಗ್ರಿ ಸರಿದಿರುತ್ತದೆ. ಆದ್ದರಿಂದ ಅಲೆಗಳು ಕೂಡುವುದಕ್ಕೆ 3.6 ಡಿಗ್ರಿ ಮೊದಲೇ ಪ್ರೋಗ್ರಾಮು ಅಪ್ಪಣೆ ಕೊಡಬೇಕು. ಕಂಪನಿಯಲ್ಲಿ ನಾನು ಮಾಡುವ ಲೆಕ್ಕ ಇದೇ. ಕೋನ, ವೇಗ, ಕಾಲ, ಭಾಗಾಕಾರ. ಎಲ್ಲವೂ ಈ ಶಾಲೆಯ ಕರಿಹಲಗೆಯ ಮೇಲೆ ಬಂದು ಹೋದವೇ.

ಕೂಡಿದ ಮೇಲೆ ಹೊರೆ ದಾಟಿಸುವುದು. ನೊಗಕ್ಕೆ ಎರಡು ಎತ್ತು ಕಟ್ಟಿದಂತೆ ಈಗ ಇಬ್ಬರೂ ಎಳೆಯುತ್ತಿದ್ದಾರೆ. ಹಡಗಿನ ಎಂಜಿನ್ನಿಗೆ ಎಣ್ಣೆ ಹಂತಹಂತವಾಗಿ ಕಡಿಮೆ ಮಾಡುತ್ತ ಹೋದರೆ ಅದರ ಪಾಲಿನ ಹೊರೆ ದಡದ ಎತ್ತಿನ ಹೆಗಲಿಗೆ ಹೋಗುತ್ತದೆ. ಹೊರೆ ಸೊನ್ನೆಗೆ ಹತ್ತಿರ ಬಂದಾಗ ಜನರೇಟರಿನ ಬ್ರೇಕರು ಬಿಚ್ಚಬೇಕು. ತಡ ಮಾಡಿದರೆ ಜನರೇಟರು ಕರೆಂಟು ಕೊಡುವ ಬದಲು ತಾನೇ ಕರೆಂಟು ತಿಂದು ಮೋಟಾರಿನಂತೆ ತಿರುಗುತ್ತದೆ. ಸೋತ ಎತ್ತನ್ನು ಇನ್ನೊಂದು ಎತ್ತು ಎಳೆದುಕೊಂಡು ಹೋದ ಹಾಗೆ. ಅದನ್ನು ಹಿಡಿಯಲು ಒಂದು ಕಾವಲು ರಿಲೇ ಇರುತ್ತದೆ. ಹಡಗು ಹೊರಡುವಾಗ ಇದೇ ಕ್ರಮ ಹಿಂದುಮುಂದು.

ಇಂಥ ಕೂಡಿಕೆಯ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ನಡೆದಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ನಡುವಿನ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಉಳಿದ ಭಾರತದ ಜಾಲಕ್ಕೆ ಕೂಡಿಸಿದರು. ಅಲ್ಲಿಯವರೆಗೆ ಎರಡೂ ತಮ್ಮ ತಮ್ಮ ತಾಳದಲ್ಲಿ ನಡೆಯುತ್ತಿದ್ದವು. ಅದಕ್ಕೇ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗಲೂ ನಮ್ಮ ಕಡೆ ದೀಪ ಇದ್ದವು. ಈಗ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತವೆ. ರಾಯಚೂರಿನಲ್ಲಿ ಅಂದು ಪಾಲಿಸಿದ ನಿಯಮವೂ ಬಂದರಿನಲ್ಲಿ ಪಾಲಿಸುವ ನಿಯಮವೂ ಒಂದೇ.

ಇನ್ನು ಪ್ರೋಗ್ರಾಮು ಬರೆಯುವುದರ ಬಗ್ಗೆ. ಎಲ್ಲ ಸರಿ ಇದ್ದಾಗ ಏನು ಮಾಡಬೇಕು ಎಂದು ಬರೆಯುವುದು ಸುಲಭ, ಅದಕ್ಕೆ ನಾಲ್ಕಾರು ಪುಟ ಸಾಕು. ಏನಾದರೂ ಕೆಟ್ಟಾಗ ಏನು ಮಾಡಬೇಕು ಎಂದು ಬರೆಯುವುದರಲ್ಲೇ ದಿನ ಕಳೆಯುತ್ತವೆ. ಒಂದು ಉದಾಹರಣೆ. ಬ್ರೇಕರು ಬಿಚ್ಚಿದೆಯೋ ಕೂಡಿದೆಯೋ ಎಂದು ತಿಳಿಸಲು ಅದರಿಂದ ತಂತಿ ಬರುತ್ತದೆ. ಒಂದೇ ತಂತಿ ಇದ್ದು, ಸಂಕೇತ ಬಂದರೆ ‘ಕೂಡಿದೆ’, ಬರದಿದ್ದರೆ ‘ಬಿಚ್ಚಿದೆ’ ಎಂದು ಇಟ್ಟುಕೊಂಡರೆ, ತಂತಿ ಇಲಿ ಕಡಿದು ತುಂಡಾದಾಗಲೂ ಕಂಪ್ಯೂಟರು ‘ಬಿಚ್ಚಿದೆ’ ಎಂದೇ ತಿಳಿಯುತ್ತದೆ. ನಿಜವಾಗಿ ಬ್ರೇಕರು ಕೂಡಿರಬಹುದು, ಅದರಲ್ಲಿ 6,600 ವೋಲ್ಟ್ ಹರಿಯುತ್ತಿರಬಹುದು. ಅದಕ್ಕೆ ಎರಡು ತಂತಿ ತರುತ್ತಾರೆ. ಒಂದು ‘ಕೂಡಿದೆ’ ಎನ್ನಲು, ಇನ್ನೊಂದು ‘ಬಿಚ್ಚಿದೆ’ ಎನ್ನಲು. ಎರಡೂ ಒಟ್ಟಿಗೆ ಹೌದು ಅಂದರೂ, ಎರಡೂ ಒಟ್ಟಿಗೆ ಇಲ್ಲ ಅಂದರೂ ಪ್ರೋಗ್ರಾಮು ಮುಂದಿನ ಹೆಜ್ಜೆ ಇಡಬಾರದು. ನಿಂತು ಮನುಷ್ಯನನ್ನು ಕರೆಯಬೇಕು. ಕಾಲಮಿತಿಯೂ ಬೇಕು. ಎರಡೂ ಕಡೆ ಕೂಡಿಕೊಂಡೇ ಇರುವುದಕ್ಕೆ ಇಷ್ಟೇ ಸೆಕೆಂಡು ಎಂದು ಗೊತ್ತುಮಾಡಿ, ಮೀರಿದರೆ ಒಂದನ್ನು ಬಿಡಿಸಬೇಕು. ದಡದ ಕರೆಂಟು ನಡುವೆಯೇ ಹೋದರೆ ಹಡಗು ಕತ್ತಲಾಗುತ್ತದೆ. ಆಗ ತುರ್ತು ಜನರೇಟರು ತಾನಾಗಿ ಎದ್ದು 45 ಸೆಕೆಂಡಿನೊಳಗೆ ಕರೆಂಟು ಕೊಡಬೇಕು ಎಂದು ಅಂತರರಾಷ್ಟ್ರೀಯ ನಿಯಮ ಇದೆ. ಇದನ್ನೆಲ್ಲ ನಾವು ಮೊದಲು ಹಡಗಿನ ಮೇಲೆ ಪರೀಕ್ಷೆ ಮಾಡುವುದಿಲ್ಲ. ಕಂಪ್ಯೂಟರಿನಲ್ಲಿ ಸುಳ್ಳು ಹಡಗು, ಸುಳ್ಳು ದಡ ಮಾಡಿ, ಬೇಕಂತಲೇ ತಂತಿ ಕಿತ್ತು, ಆವರ್ತನ ಕೆಡಿಸಿ ನೋಡುತ್ತೇವೆ.

ಇಷ್ಟೊಂದು ಕಾವಲು ಯಾಕೆಂದರೆ, ಕೇಬಲ್ ಸಿಕ್ಕಿಸುವುದು ಮನುಷ್ಯನ ಕೈ. ಬಂದರಿನ ಕೆಲಸಗಾರ ಪ್ಲಗ್ಗು ಹಿಡಿದಾಗ ಅದರಲ್ಲಿ ಕರೆಂಟು ಇರಕೂಡದು. ದೊಡ್ಡ ಕೇಬಲ್ಲಿನ ಪ್ಲಗ್ಗಿನಲ್ಲಿ ಕಿರಿದಾದ ಕಾವಲು ತಂತಿಯೊಂದು ಇರುತ್ತದೆ. ಪ್ಲಗ್ಗು ಪೂರ್ತಿ ಕೂಡದಿದ್ದರೆ, ಅಥವಾ ಸಡಿಲವಾದರೆ ಆ ತಂತಿಯ ಸಂಪರ್ಕ ತಪ್ಪಿ ಬ್ರೇಕರು ಬಿದ್ದುಬಿಡುತ್ತದೆ. ಮುಟ್ಟುವ ಮೊದಲು ಕೇಬಲನ್ನು ಅರ್ಥಿಂಗ್ ಮಾಡಿರಬೇಕು.

ಹಿರಿಯರೆ, ಇಲ್ಲಿಂದ ನಾನು ನಮ್ಮ ಊರಿಗೆ ಬರುತ್ತೇನೆ. ಜಾತ್ರೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮದುವೆ ಮನೆಯಲ್ಲಿ ಬಾಡಿಗೆ ಜನರೇಟರ್ ತಂದಾಗ ಏನು ಮಾಡುತ್ತೇವೆ? ಎಷ್ಟೋ ಕಡೆ ಮೇನ್ ಸ್ವಿಚ್ ಬಂದ್ ಮಾಡದೆ, ಚೇಂಜ್‌ಓವರ್ ಇಲ್ಲದೆ, ಎರಡು ವಾಯರನ್ನು ಬೋರ್ಡಿಗೆ ಸಿಕ್ಕಿಸಿಬಿಡುತ್ತೇವೆ. ಆ ಕರೆಂಟು ನಮ್ಮ ಮನೆಯಲ್ಲಷ್ಟೇ ಇರುವುದಿಲ್ಲ. ಸರ್ವಿಸ್ ವಾಯರ್ ಹಿಡಿದು ಕಂಬಕ್ಕೆ, ಕಂಬದಿಂದ ಟೀಸಿಗೆ ಹೋಗಬಹುದು. ಟೀಸಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಯಂತ್ರ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಅದೇ ಟೀಸಿ, ಈ ಕಡೆಯಿಂದ ಕರೆಂಟು ಹೋದರೆ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಆ ಕಡೆ ಕೊಡುತ್ತದೆ. ಲೈನು ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಹೆಸ್ಕಾಂ ಲೈನ್‌ಮನ್ ಆ ತಂತಿ ಹಿಡಿದಿರುತ್ತಾನೆ. ಅವನೂ ಯಾರದೋ ಮಗ. ಇಂಥ ಶಾಲೆಯಲ್ಲೇ ಕಲಿತು ಐಟಿಐ ಮಾಡಿದವನು. ಹಡಗಿನಲ್ಲಿ ಕೋಟ್ಯಂತರ ರೂಪಾಯಿಯ ಯಂತ್ರ ಮಾಡುವ ಕಾವಲನ್ನು ನಮ್ಮ ಊರಿನಲ್ಲಿ ಒಂದು ಚೇಂಜ್‌ಓವರ್ ಸ್ವಿಚ್ಚು ಮಾಡುತ್ತದೆ. ಅದರ ಹಿಡಿಕೆ ಒಂದು ಹೊತ್ತಿಗೆ ಒಂದೇ ಕಡೆ ಇರಬಲ್ಲದು; ಎರಡೂ ಕೂಡಲು ಸಾಧ್ಯವೇ ಇಲ್ಲ. ಯಾರ ಮನೆಯಲ್ಲಿ, ಗಿರಣಿಯಲ್ಲಿ, ಅಂಗಡಿಯಲ್ಲಿ ಜನರೇಟರ್ ಇದೆಯೋ ಅವರು ದಯವಿಟ್ಟು ಲೈಸನ್ಸ್ ಇರುವ ಎಲೆಕ್ಟ್ರಿಶಿಯನ್‌ನಿಂದ ಅದನ್ನು ಹಾಕಿಸಿಕೊಳ್ಳಿ. ಜಾತ್ರಾ ಕಮಿಟಿಯವರು ಬಾಡಿಗೆ ಜನರೇಟರಿನವನಿಗೆ ಮೊದಲು ಕೇಳಬೇಕಾದ ಮಾತು ಇದೇ.

ಒಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ದಡದ ಕರೆಂಟು ಎಲ್ಲಿಂದ ಬಂತು? ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಸುಟ್ಟು ಬಂದಿದ್ದರೆ ಹೊಗೆ ಜಾಗ ಬದಲಿಸಿತು ಅಷ್ಟೇ ಅಲ್ಲವೆ? ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಲ್ಲಿದ್ದಲಿನ ಕರೆಂಟು ಕೊಟ್ಟರೆ ಇಂಗಾಲದ ಲೆಕ್ಕದಲ್ಲಿ ಲಾಭ ಇಲ್ಲ. ಬಂದರಿನ ಸುತ್ತಲಿನ ಜನರ ಉಸಿರಿಗೆ ಮಾತ್ರ ಲಾಭ. ಆದರೆ ಬಹುತೇಕ ಹಡಗುಗಳ ಜನರೇಟರು ಎಣ್ಣೆಯನ್ನೇ ಕುಡಿಯುತ್ತದೆ. ದಡದ ತಂತಿಗೆ ಶರಾವತಿ, ಕಾಳಿಯ ನೀರು, ಗದಗಿನ ಗಾಳಿ, ಪಾವಗಡದ ಬಿಸಿಲು ಎಲ್ಲವೂ ಕೂಡಬಲ್ಲವು. ಆ ಪಾಲು ಹೆಚ್ಚಿದಂತೆ ಹಡಗಿನ ಕರೆಂಟೂ ಶುದ್ಧವಾಗುತ್ತದೆ. ಖರ್ಚಿನ ಪ್ರಶ್ನೆಯೂ ಇದೆ. ಪರಿವರ್ತಕ, ಕೇಬಲ್, ಸಬ್‌ಸ್ಟೇಶನ್ನಿಗೆ ದೊಡ್ಡ ಬಂಡವಾಳ ಬೇಕು. ಹಡಗುಗಳಲ್ಲಿ ಪ್ಲಗ್ಗು ಇಲ್ಲ ಎಂದು ಬಂದರು ಹಾಕುವುದಿಲ್ಲ, ಬಂದರಿನಲ್ಲಿ ಕರೆಂಟು ಇಲ್ಲ ಎಂದು ಹಡಗಿನವರು ಹಾಕುವುದಿಲ್ಲ. ಇಂಥ ಕಡೆ ಸರಕಾರದ ನಿಯಮವೇ ಮುಂದೆ ಬರಬೇಕಾಗುತ್ತದೆ, ಈಗ ಬರುತ್ತಿದೆ.

ಕೊನೆಗೆ ಮಕ್ಕಳಿಗೆ ಎರಡು ಮಾತು. ನೀವು ಕನ್ನಡದಲ್ಲಿ ಕಲಿಯುತ್ತಿದ್ದೀರಿ. ನಾನೂ ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲೇ ಕಲಿತೆ. ಬಿಇಗೆ ಹೋದಾಗ ಇಂಗ್ಲಿಷ್ ಹೆಸರುಗಳನ್ನು ಹೊಸದಾಗಿ ಕಲಿಯಬೇಕಾಯಿತು, ನಿಜ. ಆದರೆ ಪರ್ಯಾಯ ವಿದ್ಯುತ್ ಪ್ರವಾಹ ಎಂದರೇನು, ಟೀಸಿ ಹೇಗೆ ನಡೆಯುತ್ತದೆ ಎಂಬ ತಿಳಿವು ಕನ್ನಡದಲ್ಲೇ ಬಂದಿತ್ತು. ಹೆಸರು ಬದಲಾದರೂ ತಿಳಿವು ಬದಲಾಗಲಿಲ್ಲ. ಹಾಗೆಯೇ, ಈ ಕೆಲಸಕ್ಕೆ ಬರೀ ಎಂಜಿನಿಯರು ಸಾಲದು. ಕೇಬಲ್ ಜೋಡಿಸುವವರು, ರಿಲೇ ಪರೀಕ್ಷೆ ಮಾಡುವ ಡಿಪ್ಲೊಮಾದವರು, ಹಡಗಿನ ವಿದ್ಯುತ್ ಅಧಿಕಾರಿಗಳು ಬೇಕು. ಹೆಣ್ಣುಮಕ್ಕಳೂ ಈ ಎಲ್ಲ ಕೆಲಸಗಳಲ್ಲಿ ಇದ್ದಾರೆ.

ನಮ್ಮ ವಾರಿಗೆಯವರು ಕೂಡಿ ಒಂದು ತೀರ್ಮಾನ ಮಾಡಿದ್ದೇವೆ. ಶಾಲೆಯ ಪ್ರಯೋಗಾಲಯಕ್ಕೆ ಒಂದು ಕೈಯಿಂದ ತಿರುಗಿಸುವ ಜನರೇಟರು, ಸಣ್ಣ ಟ್ರಾನ್ಸ್‌ಫಾರ್ಮರು, ಹಿಡಿಕೆ ಬಿಚ್ಚಿ ಒಳಗೆ ನೋಡಬಹುದಾದ ಚೇಂಜ್‌ಓವರ್ ಸ್ವಿಚ್ಚು, ಎರಡು ಅಲೆ ಒಟ್ಟಿಗೆ ತೋರಿಸುವ ಯಂತ್ರ ಇವನ್ನು ಕೊಡುತ್ತೇವೆ. ಗುರುಗಳು ಒಪ್ಪಿದರೆ ವರ್ಷಕ್ಕೆ ಒಂದು ಸಲ ಬಂದು ಮಕ್ಕಳ ಜೊತೆ ಪ್ರಯೋಗ ಮಾಡುತ್ತೇವೆ. ಅದೇ ದಿನ ಊರಿನ ಲೈನ್‌ಮನ್ ಅಣ್ಣನನ್ನೂ ಕರೆಯಬೇಕು, ಅವರ ಅನುಭವವನ್ನು ಮಕ್ಕಳು ಕೇಳಬೇಕು ಎಂಬುದು ನನ್ನ ವಿನಂತಿ.